ವಿಮಾನ ಇಟ್ಟವರ ಕಾರುಗಳು

ವಿಮಾನ ಇಟ್ಟುಕೊಂಡ ಮನುಷ್ಯ ಮಾರುತಿ ಎಂಟುನೂರರಲ್ಲಿ ಬಂದಿಳಿದರೆ ಅವನ ಅಳಿಯ ಮುಖ ಎಲ್ಲಿಟ್ಟುಕೊಳ್ಳಬೇಕು? ಭಾನುಪ್ರಕಾಶ ಹನ್ನೊಂದು ವರ್ಷದಿಂದ ಇದೇ ಪ್ರಶ್ನೆಯನ್ನು ನುಂಗುತ್ತ ಬಂದಿದ್ದ. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಅವನದು ಸೆಕೆಂಡ್ ಹ್ಯಾಂಡ್ ಕಾರುಗಳ ಷೋರೂಮು. ಎದುರಿನವನ ಯೋಗ್ಯತೆ ತಿಳಿಯಲು ಅವನು ಮುಖ ನೋಡುತ್ತಿರಲಿಲ್ಲ, ಗೇಟಿನಲ್ಲಿ ನಿಂತ ಕಾರು ನೋಡುತ್ತಿದ್ದ. ಹೊಸ ಷೋರೂಮಿನ ಪೂಜೆಯ ದಿನ ಮಾವ ಆ ತಗಡಿನ ಡಬ್ಬಿಯಲ್ಲಿ ಬಂದಾಗ ಸೆಕ್ಯುರಿಟಿಯವನು ಯಾರೋ ಮಾರಲು ತಂದಿದ್ದಾರೆಂದುಕೊಂಡು ಹಿಂದಿನ ಷೆಡ್ಡಿಗೆ ಕಳಿಸಿದ್ದ. ಮಾವ ನಗುತ್ತ ಹೋಗಿ ನಿಲ್ಲಿಸಿ ಬಂದಿದ್ದರು. ಆ ನಗು ಭಾನುಪ್ರಕಾಶನಿಗೆ ಇವತ್ತಿಗೂ ಉರಿಯುತ್ತಿತ್ತು.

ಮಾವ ಅಣ್ಣಯ್ಯಪ್ಪ ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರ ಮಾಡಿ ಮೇಲೆ ಬಂದವರು. ಐವತ್ತು ದಾಟಿದ ಮೇಲೆ, ಬೇರೆಯವರು ಕಾಶಿಗೆ ಹೊರಡುವ ವಯಸ್ಸಿನಲ್ಲಿ, ವಿಮಾನ ಹಾರಿಸುವುದನ್ನು ಕಲಿತರು. ಇಬ್ಬರು ಕೂರುವ ಪುಟ್ಟದೊಂದನ್ನು ಕೊಂಡರು. ಹೆಬ್ಬೂರು ದಾಟಿ ಕುಣಿಗಲ್ ಕಡೆ ಹೋಗುವಾಗ ಸಿಗುವ ತಮ್ಮ ಹದಿನಾಲ್ಕು ಎಕರೆಯಲ್ಲಿ ಮಣ್ಣಿನ ರನ್‌ವೇ ಮಾಡಿಸಿ, ತಗಡಿನ ಹ್ಯಾಂಗರು ಕಟ್ಟಿಸಿದರು. ಆಮೇಲೆ ಅವರಂತೆಯೇ ಹುಚ್ಚು ಹತ್ತಿದ ಇನ್ನಿಬ್ಬರು ಬಂದು ತಮ್ಮ ವಿಮಾನಗಳನ್ನೂ ಅಲ್ಲೇ ಇಟ್ಟರು. ಒಬ್ಬಳು ಕುಣಿಗಲ್ಲಿನ ಡಾಕ್ಟರು ಪ್ರಮೀಳಾ. ಇನ್ನೊಬ್ಬ ಕಲ್ಲು ಕ್ವಾರಿಯ ಬಸವಪ್ರಭು.

ಭಾನುವಾರ ಬೆಳಿಗ್ಗೆ ಹೊಂಗೆ ಮರದ ಕೆಳಗೆ ಈ ಮೂವರ ಕಾರುಗಳು ಸಾಲಾಗಿ ನಿಲ್ಲುತ್ತಿದ್ದವು. ಭಾನುಪ್ರಕಾಶ ಅವುಗಳನ್ನು ಮನಸ್ಸಿನಲ್ಲೇ ತೂಗಿ ನೋಡುತ್ತಿದ್ದ. ಡಾಕ್ಟರಮ್ಮನ ಸ್ಯಾಂಟ್ರೊ: ಹಿಂದಿನ ಬಂಪರಿಗೆ ಪ್ಲಾಸ್ಟಿಕ್ ದಾರ ಕಟ್ಟಿದೆ, ಹತ್ತರಲ್ಲಿ ಮೂರು ಅಂಕ. ಬಸವಪ್ರಭುವಿನ ಎಸ್ಟೀಮ್: ಬಣ್ಣ ಯಾವುದಿತ್ತೆಂದು ಆರ್.ಸಿ. ಬುಕ್ಕು ತೆಗೆದೇ ನೋಡಬೇಕು, ಎರಡು. ಮಾವನ ಎಂಟುನೂರು: ಬಾಗಿಲು ಹಾಕಿದರೆ ಕನ್ನಡಿ ಅಲ್ಲಾಡುತ್ತದೆ, ಸೊನ್ನೆ. ಪಕ್ಕದಲ್ಲಿ ಅವನ ಬಿಳಿ ಫಾರ್ಚೂನರು ಮದುಮಗನ ಹಾಗೆ ನಿಂತಿರುತ್ತಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಇವರು ಜುಟ್ಟನ್ನು ಮೋಡಕ್ಕೆ ಕಟ್ಟಿಕೊಂಡವರು. ಇದ್ದದ್ದೆಲ್ಲ ಆ ಹಕ್ಕಿಗೆ ಸುರಿದು ನೆಲದ ಮೇಲೆ ಭಿಕಾರಿಗಳ ಹಾಗೆ ತಿರುಗುತ್ತಾರೆ ಎಂದು ಅವನು ತೀರ್ಮಾನಿಸಿದ್ದ. ಜಿಪುಣತನಕ್ಕೆ ಬೇರೆ ಕಾರಣ ಹುಡುಕುವ ಅಗತ್ಯ ಅವನಿಗೆ ಕಾಣಲಿಲ್ಲ.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದನೇನೋ. ಹೆಂಡತಿ ಮಾನಸಾ ಒಬ್ಬಳೇ ಮಗಳು. ಆ ಹದಿನಾಲ್ಕು ಎಕರೆ ಇವತ್ತಲ್ಲ ನಾಳೆ ತನ್ನದೇ ಎಂದು ಅವನು ಸೈಟುಗಳ ನಕ್ಷೆಯನ್ನೂ ಬರೆಸಿಟ್ಟುಕೊಂಡಿದ್ದ. ಹೋದ ವಾರ ಊಟಕ್ಕೆ ಕೂತಾಗ ಮಾವ ಮುದ್ದೆ ಮುರಿಯುತ್ತ, ಉಪ್ಪು ಕೇಳುವಷ್ಟು ಸಲೀಸಾಗಿ ಹೇಳಿದರು.

"ಸೋಮವಾರ ಕುಣಿಗಲ್ ಸಬ್ ರಿಜಿಸ್ಟ್ರಾರ್ ಆಫೀಸ್ಗೆ ಹೋಗ್ತಾ ಇದೀನಿ ಅಳಿಯಂದ್ರೇ. ಆ ಜಮೀನ ಟ್ರಸ್ಟ್ಗೆ ದಾನಪತ್ರ ಮಾಡ್ಬುಡ್ತೀನಿ. ನಮ್ಮ ಕಡೆ ಹೆಣ್ಮಕ್ಳು ಬಂದು ಹಾರೋದು ಕಲೀಲಿ. ಮಾನಸಾಗೆ ಗುಬ್ಬಿ ತೋಟ ಐತಲ್ಲ, ಸಾಕು."

"ಒಳ್ಳೇ ಕೆಲ್ಸ ಮಾವ," ಎಂದ ಭಾನುಪ್ರಕಾಶ. ಮಜ್ಜಿಗೆಗೂ ಕಾಯದೆ ಕೈ ತೊಳೆದ.

ಸೋಮವಾರಕ್ಕೆ ಮೊದಲು ಮಾವ ಸತ್ತರೆ ಜಮೀನು ಮಗಳಿಗೆ. ಬದುಕಿದ್ದರೆ ಊರ ಹೆಣ್ಣುಮಕ್ಕಳಿಗೆ. ಲೆಕ್ಕ ಅಷ್ಟು ಸರಳವಾಗಿತ್ತು. ದಾರಿಯನ್ನೂ ಮಾವನೇ ತೋರಿಸಿಕೊಟ್ಟಿದ್ದರು. ಮಳೆಗಾಲವೆಂದು ಒಂದೂವರೆ ತಿಂಗಳಿಂದ ವಿಮಾನ ಹ್ಯಾಂಗರಿನಲ್ಲೇ ನಿಂತಿತ್ತು. ಭಾನುವಾರ ಎಂಟಕ್ಕೆ ಮೊದಲ ಹಾರಾಟ. ರನ್‌ವೇ ಬಿಟ್ಟು ಏಳೆಂಟು ನಿಮಿಷಕ್ಕೆಲ್ಲ ಕುಣಿಗಲ್ ದೊಡ್ಡಕೆರೆಯ ಮೇಲೆ ಒಂದು ಸುತ್ತು ಬರುವುದು ಮಾವನ ಪದ್ಧತಿ. ಅಲ್ಲಿ ಎಂಜಿನ್ನು ನಿಂತರೆ ಕೆಳಗೆ ನೀರೇ ಗತಿ. ಅರವತ್ತೆಂಟರ ಮುದುಕನಿಗೆ ಈ ಷೋಕಿ ಯಾಕೆ ಬೇಕಿತ್ತು ಎಂದು ತಿಥಿಯ ದಿನದವರೆಗೂ ಜನ ಮಾತಾಡುತ್ತಾರೆ. ಆಮೇಲೆ ಮರೆಯುತ್ತಾರೆ.

ಪೆಟ್ರೋಲಿಗೆ ನೀರು ಬೆರೆಸುವ ದಡ್ಡತನ ಅವನು ಮಾಡಲಿಲ್ಲ. ಹಾರುವ ಮುಂಚೆ ಮಾವ ಟ್ಯಾಂಕಿನ ಕೆಳಗಿನಿಂದ ಒಂದಿಷ್ಟು ಪೆಟ್ರೋಲನ್ನು ಗಾಜಿನ ಸೀಸೆಗೆ ಇಳಿಸಿ ಬಿಸಿಲಿಗೆ ಹಿಡಿದು ನೋಡುವುದನ್ನು ಅವನು ಕಂಡಿದ್ದ. ನೀರಿದ್ದರೆ ತಳದಲ್ಲಿ ಕಾಣುತ್ತದೆ. ಆದರೆ ಹದಿನೆಂಟು ವರ್ಷ ಕಾರು ಮಾರಿದವನಿಗೆ ಕಾರು ಕೆಡಿಸುವುದೂ ಗೊತ್ತಿರುತ್ತದೆ. ಸೀಸೆಯಲ್ಲಿ ಕಾಣದ, ಎಂಜಿನ್ನು ಬಿಸಿಯಾಗಿ ಹತ್ತು ನಿಮಿಷ ಓಡುವಷ್ಟರಲ್ಲಿ ಫಿಲ್ಟರಿಗೆ ಅಂಟಿಕೊಂಡು ಉಸಿರು ಕಟ್ಟಿಸುವ ವಸ್ತುವೊಂದು ಅವನಿಗೆ ತಿಳಿದಿತ್ತು. ಅದರ ಹೆಸರು ಇಲ್ಲಿ ಬೇಡ. ಓದುವವರಲ್ಲೂ ಅಳಿಯಂದಿರು ಇರುತ್ತಾರೆ.

ಶುಕ್ರವಾರ ಮಧ್ಯಾಹ್ನ ಜಮೀನಿನ ಹದ್ದುಬಸ್ತು ನೋಡಬೇಕೆಂದು ಹೇಳಿ ಹ್ಯಾಂಗರಿಗೆ ಹೋದ. ಕಾವಲಿನ ದೊಡ್ಡರಂಗಯ್ಯ ಊಟಕ್ಕೆ ಹೊರಟಿದ್ದ. "ನೀನ್ ಹೋಗ್ ಉಣ್ಣು ಕಣಯ್ಯ, ನಾನಿದೀನಿ," ಎಂದು ಕಳಿಸಿದ. ಕೆಲಸಕ್ಕೆ ನಾಲ್ಕು ನಿಮಿಷ ಸಾಕಾಯಿತು. ವಿಮಾನದ ಟ್ಯಾಂಕಿನ ಮುಚ್ಚಳ ಮುಚ್ಚಿ, ಕೈ ಒರೆಸಿ, ಕರವಸ್ತ್ರವನ್ನು ದಾರಿಯ ಮೋರಿಗೆ ಎಸೆದ. ಶುಕ್ರವಾರ ತಾನು ಬಂದದ್ದನ್ನು ದೊಡ್ಡರಂಗಯ್ಯ ಹೇಳಿದರೇನಂತೆ? ಕೆರೆಯ ತಳ ಸೇರಿದ ಪೆಟ್ರೋಲು ಸಾಕ್ಷಿ ಹೇಳುವುದಿಲ್ಲ. ಕೇಳುವವರಿಲ್ಲದ ಮೇಲೆ ಉತ್ತರ ಇದ್ದರೆಷ್ಟು, ಬಿಟ್ಟರೆಷ್ಟು.

ಭಾನುವಾರ ಗುಬ್ಬಿಯಲ್ಲಿ ಮಾವನ ತಂಗಿಯ ಮೊಮ್ಮಗನ ಮದುವೆ. ಮುಹೂರ್ತ ಹತ್ತೂವರೆಗೆ. ಎಂಟೂವರೆಗೆಲ್ಲ ಛತ್ರ ಸೇರಿ, ತಿಂಡಿಯ ಪಂಕ್ತಿಯಲ್ಲಿ ನಿಂತು ಮುನ್ನೂರು ಜನಕ್ಕೆ ಉಪ್ಪಿಟ್ಟು ಬಡಿಸುವುದೆಂದು ಅವನು ನಿಶ್ಚಯಿಸಿದ್ದ. ಸುದ್ದಿ ಬಂದಾಗ ಕೈಯಲ್ಲಿ ಸೌಟು ಇರಬೇಕು. ಮೊದಲು ಅಳುವವನೂ ತಾನೇ ಆಗಬೇಕು.

ಒಂದು ಸಣ್ಣ ತೊಡಕು ಬಂತು. ನಮ್ಮ ಕಡೆ ಮದುವೆ ಅಂದ ಮೇಲೆ ನೆಂಟರ ಪೈಕಿ ಯಾರ ಕಾರು ಫಳಫಳ ಅನ್ನುತ್ತದೋ ಅದಕ್ಕೇ ಹೂವು ಸುತ್ತಿ ಗಂಡನ್ನು ಕೂರಿಸುತ್ತಾರೆ. ಶನಿವಾರ ಗಂಡಿನ ಕಡೆಯವರು ಬಂದು ಫಾರ್ಚೂನರಿನ ಬೀಗದ ಕೈ ಕೇಳಿದರು. ಹಿಗ್ಗಿದ ಭಾನುಪ್ರಕಾಶ ಇಲ್ಲವೆನ್ನಲಿಲ್ಲ. ಮಾನಸಾಳೂ ಅದೇ ಕಾರಿನಲ್ಲಿ ಗುಬ್ಬಿಗೆ ಹೊರಟಳು. ಷೋರೂಮಿನ ಕಾರೊಂದನ್ನು ತಗೊಂಡರಾಯಿತು ಎಂದುಕೊಳ್ಳುವಷ್ಟರಲ್ಲಿ ಮಾವನ ಫೋನು ಬಂತು.

"ನಿಮ್ ಗಾಡಿ ಮದ್ವೆಗೆ ಹೋಯ್ತಂತಲ್ಲ. ನನ್ ಕಾರು ಶೆಟ್ಟಿಹಳ್ಳಿ ನಿಮ್ಮನೆ ಮುಂದೆ ನಿಲ್ಸಿದೀನಿ ಅಳಿಯಂದ್ರೇ. ಬೀಗದ ಕೈ ತುಳಸಿಕಟ್ಟೆ ಮೇಲೈತೆ. ಬೆಳಿಗ್ಗೆ ತಗಂಡೋಗಿ. ನಾನು ಒಂದ್ ರೌಂಡ್ ಹಾರ್ಬುಟ್ಟು ಡಾಕ್ಟ್ರಮ್ಮನ ಕಾರಲ್ಲಿ ಬತ್ತೀನಿ."

ಆ ಡಬ್ಬಿಯಲ್ಲಿ ತಾನು ಛತ್ರದ ಮುಂದೆ ಇಳಿಯುವುದೇ ಎಂದು ಮೊದಲು ಮೈ ಉರಿಯಿತು. ಯೋಚಿಸಿದಂತೆ ಖುಷಿಯಾಯಿತು. ಕೊನೆಯ ದಿನವೂ ಮಾವ ಪ್ರೀತಿಯಿಂದ ಕಾರು ಕೊಟ್ಟಿದ್ದರು ಎಂದು ಜನರೆದುರು ಹೇಳಿಕೊಳ್ಳಬಹುದು. ಅಂಥ ಮಾವನನ್ನು ಅಂಥ ಅಳಿಯ ಕೊಲ್ಲುತ್ತಾನೆಯೇ?

"ನಿಮ್ಗ್ಯಾಕೆ ತೊಂದ್ರೆ ಮಾವ," ಎಂದ, ಧ್ವನಿಗೆ ಬೆಣ್ಣೆ ಸವರಿ.

ಭಾನುವಾರ ಎಂಟಕ್ಕೆ ಹೊರಟ. ಸೀಟು ಚುಚ್ಚಿತು, ಸ್ಟೇರಿಂಗು ಸಡಿಲ, ಹಾರನ್ನು ಕುರಿಯ ಹಾಗೆ ಕೂಗಿತು. ಪೆಟ್ರೋಲಿನ ಮುಳ್ಳು ಮಾತ್ರ ಟ್ಯಾಂಕು ತುಂಬಿದೆ ಎಂದು ತೋರಿಸುತ್ತಿತ್ತು. ಈ ಜಿಪುಣ ಟ್ಯಾಂಕು ತುಂಬಿಸಿ ಕೊಡುವುದುಂಟೆ, ಮುಳ್ಳು ಕೆಟ್ಟಿರಬೇಕು ಎಂದು ಭಾನುಪ್ರಕಾಶ ನಕ್ಕ. ಊರು ದಾಟುವಾಗ ಗಡಿಯಾರ ನೋಡಿದ. ಇಷ್ಟು ಹೊತ್ತಿಗೆ ಮಾವ ಮೇಲೇರಿರಬೇಕು. ಮಲ್ಲಸಂದ್ರ ಸಮೀಪಿಸುವಾಗ, ಇನ್ನೇನು ಕೆರೆ ಬಂದಿರಬೇಕು ಎಂದು ಅವನು ಲೆಕ್ಕ ಹಾಕುತ್ತಿದ್ದಾಗಲೇ ಕಾರು ಒಮ್ಮೆ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ರಸ್ತೆಯ ಪಕ್ಕಕ್ಕೆ ಹೊರಳಿ ನಿಂತೇಹೋಯಿತು.

ಅವನಿಗೆ ಗಾಬರಿಯಾಗಲಿಲ್ಲ. ಸೊನ್ನೆ ಅಂಕದ ಕಾರು ಇನ್ನೇನು ಮಾಡುತ್ತದೆ? ಷೋರೂಮಿನಿಂದ ಬೇರೆ ಕಾರು ತರಿಸೋಣವೆಂದು ಫೋನು ತೆಗೆದ. ಅಷ್ಟರಲ್ಲಿ ಹಿಂದಿನಿಂದ ಬಂದ ಮದುವೆ ಬಸ್ಸು ಅವನನ್ನು ಕಂಡು ನಿಂತಿತು. ನಲವತ್ತು ಜನ ನೆಂಟರು ಇಳಿದರು. ಇವರಿಗಿಂತ ಒಳ್ಳೆಯ ಸಾಕ್ಷಿಗಳು ಬೇಕೆ ಎಂದು ಅವನು ಫೋನನ್ನು ಜೇಬಿಗೆ ಇಳಿಸಿದ. ಒಬ್ಬ ಬಾನೆಟ್ಟು ಎತ್ತಿದ, ಇಬ್ಬರು ತಳ್ಳಿದರು, ಅಜ್ಜಿಯೊಬ್ಬಳು ದೃಷ್ಟಿ ತೆಗೆಯಬೇಕು ಅಂದಳು. ಅವನು ಎಲ್ಲರನ್ನೂ ಹೆಸರು ಹಿಡಿದು ಮಾತಾಡಿಸಿದ. ಆಗಾಗ ಫೋನು ಮುಟ್ಟಿ ನೋಡಿಕೊಂಡ. ಸುದ್ದಿ ಇನ್ನೂ ಬಂದಿರಲಿಲ್ಲ.

ಒಂಬತ್ತೂಕಾಲಕ್ಕೆ ತುಮಕೂರಿನ ಕಡೆಯಿಂದ ಡಾಕ್ಟರಮ್ಮನ ಸ್ಯಾಂಟ್ರೊ ಬಂದು ನಿಂತಿತು. ಮುಂದಿನ ಸೀಟಿನಿಂದ ಅಣ್ಣಯ್ಯಪ್ಪ ಇಳಿದರು. ಜರಿ ಪಂಚೆ, ಹೆಗಲ ಮೇಲೆ ಶಲ್ಯ, ಮುಖದಲ್ಲಿ ಕಳೆ. ಹಿಂದಿನಿಂದ ಇಸ್ತ್ರಿ ಮಾಡಿದ ಷರಟು ತೊಟ್ಟ ದೊಡ್ಡರಂಗಯ್ಯ ಇಳಿದ.

ಭಾನುಪ್ರಕಾಶ ಜೇಬಿನ ಫೋನಿನಿಂದ ಕೈ ತೆಗೆದ. ಮುದುಕ ಇವತ್ತು ಹಾರಲೇ ಇಲ್ಲವೇನೋ.

"ಹಾರಿದ್ರಾ ಮಾವ?" ಎಂದು ಹೇಗೋ ಕೇಳಿದ.

"ಹ್ಞೂಂ, ಕೆರೆ ಮೇಲೆ ಎರಡು ಸುತ್ತು. ಎಂಜಿನ್ನು ಬೆಣ್ಣೆ ಇದ್ದಂಗಿತ್ತು. ಇದ್ಕೇನಾಯ್ತು?"

"ಹಳೇ ಗಾಡಿ, ಆಯಸ್ಸು ಮುಗೀತು. ಗುಜರಿಗೆ ಹಾಕ್ಸ್ತೀನಿ ಬನ್ನಿ, ಮುಹೂರ್ತಕ್ಕೆ ಹೊತ್ತಾಗ್ತದೆ."

ಮಾವ ಕೇಳಿಸಿಕೊಳ್ಳಲಿಲ್ಲ. ಶಲ್ಯ ತೆಗೆದು ದೊಡ್ಡರಂಗಯ್ಯನ ಕೈಗಿಟ್ಟು ಬಾನೆಟ್ಟಿನೊಳಕ್ಕೆ ಬಗ್ಗಿದರು. ಪೆಟ್ರೋಲಿನ ಫಿಲ್ಟರು ಬಿಚ್ಚಿ ತೆಗೆದು ಬಿಸಿಲಿಗೆ ಹಿಡಿದರು. ಕಂದು ಬಣ್ಣದ ಅಂಟು ಒಳಗೆಲ್ಲ ಮೆತ್ತಿಕೊಂಡಿತ್ತು. ಬೆರಳಲ್ಲಿ ಮುಟ್ಟಿ ಮೂಸಿ ನೋಡಿದರು.

"ಬಂಕಿನ ಕಲಬೆರಕೆ ಮಾವ," ಎಂದ ಭಾನುಪ್ರಕಾಶ. ಯಾರೂ ಅವನನ್ನು ಏನೂ ಕೇಳಿರಲಿಲ್ಲ.

"ಬಂಕಿಂದಲ್ಲ," ಎಂದರು ಮಾವ. ಅಳಿಯನ ಕಡೆ ನೋಡದೆ ಡಾಕ್ಟರಮ್ಮನ ಕೈಗೆ ಫಿಲ್ಟರು ಕೊಟ್ಟರು. "ಇದು ವಿಮಾನದ ಪೆಟ್ರೋಲು ಕಣಮ್ಮ. ಒಂದೂವರೆ ತಿಂಗಳು ನಿಂತಿದ್ದು, ಹಾರೋಕೆ ಬ್ಯಾಡ ಅಂತ ನೆನ್ನೆ ಮಧ್ಯಾಹ್ನ ಪೂರ್ತಿ ಕ್ಯಾನಿಗೆ ಇಳಿಸ್ದೆ. ವಿಮಾನಕ್ಕೆ ಹೊಸದು ತುಂಬ್ಸಿ, ಹಳೇದನ್ನ ಅಳಿಯಂದ್ರ ಮನೆ ಮುಂದೆ ಈ ಕಾರಿಗೆ ಹುಯ್ದೆ. ನಿಂತ ಪೆಟ್ರೋಲು ಹಿಂಗೆ ಅಂಟಾಗಲ್ಲ, ಏನೋ ಬೆರೆಸಿ ಯಾರೋ ನನ್ನ ಕೆರೆಗೆ ಬೀಳ್ಸಕ್ಕೆ ನೋಡವ್ರೆ." ಡಾಕ್ಟರಮ್ಮ ಫಿಲ್ಟರನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟು ಕಟ್ಟಿದಳು. "ನಾವು ಮೂರೂ ಜನ ಈ ಹಳೇ ಕಾರುಗಳ್ನ ಇಟ್ಕೊಂಡಿರೋದೇ ಅದಕ್ಕಲ್ವಾ, ಉಳಿದ ಪೆಟ್ರೋಲ್ ಚೆಲ್ಲೋದ್ ಬೇಡ ಅಂತ. ಇದ್ರಲ್ಲಿ ಸೀಸ ಇರುತ್ತಲ್ಲ, ಹೊಸ ಕಾರು ಇದನ್ನ ಮುಟ್ಟಲ್ಲ," ಎನ್ನುತ್ತ ಪೊಲೀಸರಿಗೆ ಫೋನು ಮಾಡತೊಡಗಿದಳು. ದೊಡ್ಡರಂಗಯ್ಯ ಶಲ್ಯ ಹಿಡಿದುಕೊಂಡೇ, "ಶುಕ್ರವಾರ ಅಳಿಯಂದ್ರು ಬಂದು ನನ್ನ ಉಣ್ಣಕ್ ಕಳಿಸಿದ್ರಲ್ಲ ಯಜಮಾನ್ರೇ, ಅದ್ ಬುಟ್ರೆ ಬ್ಯಾರೆ ನರಪಿಳ್ಳೆ ಬಂದಿಲ್ಲ," ಎಂದ. ನಲವತ್ತು ಜನ ನೆಂಟರು ಭಾನುಪ್ರಕಾಶನ ಕಡೆ ತಿರುಗಿದರು. ಹೊಂಗೆ ಮರದ ಕೆಳಗಿನ ಆ ಮೂರು ಕಾರುಗಳ ಬಣ್ಣಕ್ಕೆ, ಬಂಪರಿಗೆ, ಬಾಗಿಲಿಗೆ ಅವನು ಅಂಕ ಕೊಟ್ಟಿದ್ದ. ಹದಿನೆಂಟು ವರ್ಷದಿಂದ ಅವನ ಷೋರೂಮಿಗೆ ಬಂದ ಪ್ರತಿಯೊಬ್ಬ ಗಿರಾಕಿಯೂ ಮೊದಲು ಕೇಳುತ್ತಿದ್ದ ಪ್ರಶ್ನೆಯನ್ನು, ಪೆಟ್ರೋಲೋ ಡೀಸೆಲ್ಲೋ ಎಂಬುದನ್ನು, ಅವುಗಳ ಬಗ್ಗೆ ಅವನು ಒಂದು ಸಲವೂ ಕೇಳಿಕೊಂಡಿರಲಿಲ್ಲ.