ಮತ್ತಿನಲ್ಲಿ ಬಂದ ಮಾತು

ಮಹಡಿಯ ಮೇಲೆ ಒಣಹಾಕಿದ್ದ ಟವೆಲ್ ತರಲು ಹೋಗಿದ್ದ ಶೋಭಾರಾಣಿ ಮರಳಿ ಅಡುಗೆಮನೆಗೆ ಕಾಲಿಟ್ಟಾಗ ಅವಳ ಅತ್ತೆ ಮುನಿತಾಯಮ್ಮ ಸಿಂಕಿನ ಮುಂದೆ ನಿಂತು ಲೋಟ ಬಗ್ಗಿಸುತ್ತಿದ್ದರು. ಮಾರನೆಯ ದಿನದ ಪರೀಕ್ಷೆಗೆ ಕರುಳು ಪೂರ್ತಿ ತೊಳೆದುಹೋಗಲೆಂದು ಆಸ್ಪತ್ರೆಯವರು ಕೊಟ್ಟಿದ್ದ ಪುಡಿ ಅದು. ಜಗ್ಗಿನ ನೀರಿನಲ್ಲಿ ಕದಡಿ, ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿ, ಶೋಭಾ ಗಂಟೆಯ ಹಿಂದೆಯೇ ಕುಡಿಯಲು ಕೊಟ್ಟಿದ್ದಳು. ಈಗ ಅದು ಸದ್ದಿಲ್ಲದೆ ಸಿಂಕಿನ ತೂತಿನೊಳಗೆ ಇಳಿಯುತ್ತಿತ್ತು.

“ಅತ್ತೆ, ಅದನ್ಯಾಕೆ ಚೆಲ್ತಾ ಇದೀರ?”

“ಚೆಲ್ತಿಲ್ಲ ಕಣೇ. ಕುಡಿದು ಲೋಟ ತೊಳೀತಾ ಇದೀನಿ.”

ಒಣಗಿದ ಆ ತುಟಿಯ ಮೇಲೆ ಒಂದು ಹನಿಯೂ ಇರಲಿಲ್ಲ. ಶೋಭಾ ಜಗ್ಗು ಎತ್ತಿ ನೋಡಿದಳು. ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಅಷ್ಟು ಕುಡಿದಿದ್ದರೆ ಅತ್ತೆ ಇಷ್ಟು ಹೊತ್ತಿಗೆ ಬಚ್ಚಲಿಗೆ ಓಡಾಡಿ ಸುಸ್ತಾಗಿರಬೇಕಿತ್ತು. ಇವರು ನೋಡಿದರೆ ತಲೆಗೆ ಹರಳೆಣ್ಣೆ ಹಚ್ಚಿಕೊಂಡು, ಸೆರಗು ಸಿಕ್ಕಿಸಿಕೊಂಡು, ಜಾತ್ರೆಗೆ ಹೊರಟವರ ಹಾಗೆ ನಿಂತಿದ್ದಾರೆ! ಶೋಭಾಳಿಗೆ ಕೂಗಾಡಬೇಕೆನಿಸಿತು. ಕೂಗಾಡಲಿಲ್ಲ. ಮದುವೆಯಾಗಿ ಲಗ್ಗೆರೆಯ ಈ ಮನೆಗೆ ಬಂದಾಗಿನಿಂದ ನುಂಗಿಕೊಂಡೇ ಬಂದವಳಿಗೆ ಆ ಅಭ್ಯಾಸ ಅಷ್ಟು ಸುಲಭಕ್ಕೆ ಬಿಡುವಂಥದಲ್ಲ. ಚಪ್ಪಲಿ ಮೆಟ್ಟಿಕೊಂಡು, ಅದೇ ಪುಡಿಯ ಇನ್ನೊಂದು ಪೊಟ್ಟಣ ಹುಡುಕಿಕೊಂಡು ಮೆಡಿಕಲ್ ಶಾಪಿನಿಂದ ಮೆಡಿಕಲ್ ಶಾಪಿಗೆ ಅಲೆದಳು.

ಕಾಯಿಲೆ ಗೊತ್ತಾಗಿದ್ದೂ ಅವಳಿಂದಲೇ. ಬಟ್ಟೆ ಒಗೆಯುವಾಗ ಅತ್ತೆಯ ಲಂಗದ ಮೇಲೆ ರಕ್ತದ ಕಲೆ ಕಂಡು ಕೇಳಿದರೆ ಮುನಿತಾಯಮ್ಮ, ಉಷ್ಣ, ಮೂಲವ್ಯಾಧಿ, ನಿನಗ್ಯಾಕೆ ಅದೆಲ್ಲ, ಎಂದು ಹರಿಹಾಯ್ದಿದ್ದರು. ತಿಂಗಳುಗಟ್ಟಲೆ ಮುಚ್ಚಿಟ್ಟುಕೊಂಡಿದ್ದರಂತೆ. ಮೈ ಇಳಿದುಹೋಗಿತ್ತು, ಮುಖ ಬಿಳುಚಿಕೊಂಡಿತ್ತು. ಗಂಡ ಮಹದೇವನಿಗೆ ಹೇಳಿದರೆ ಅವನು ಮಾಗಡಿ ರಸ್ತೆಯ ತನ್ನ ಹಾರ್ಡ್‌ವೇರ್ ಅಂಗಡಿಯ ಬಾಗಿಲು ಹಾಕುವ ಹಾಗಿಲ್ಲವೆಂದ. ಕೊನೆಗೆ ಶೋಭಾಳೇ ಸೊಸೈಟಿ ಕಚೇರಿಯ ಕೆಲಸಕ್ಕೆ ರಜೆ ಹಾಕಿ ರಾಜಾಜಿನಗರದ ಆಸ್ಪತ್ರೆಗೆ ಕರೆದೊಯ್ದಳು. ಮೂಲವ್ಯಾಧಿ ಅಂತ ಊಹೆ ಮಾಡಿಕೊಂಡು ಕೂರುವ ವಯಸ್ಸಲ್ಲ ಇದು, ಕೊಲೊನೊಸ್ಕೋಪಿ ಮಾಡಿ ಒಳಗೆ ನೋಡಲೇಬೇಕು ಎಂದರು ಡಾಕ್ಟರು. ಅಂದರೆ ಹಿಂದಿನಿಂದ ಕ್ಯಾಮೆರಾ ಇರುವ ಸಣ್ಣ ನಳಿಕೆ ಬಿಡುತ್ತಾರೆ, ಮತ್ತಿನ ಇಂಜೆಕ್ಷನ್ ಕೊಟ್ಟಿರುವುದರಿಂದ ನೋವು ತಿಳಿಯುವುದಿಲ್ಲ ಎಂದು ನರ್ಸ್ ಬಿಡಿಸಿ ಹೇಳಿದಾಗ ಮುನಿತಾಯಮ್ಮನವರ ಮುಖ ನೋಡಬೇಕಿತ್ತು. ಗಂಡಸರು ನೋಡ್ತಾರಾ, ಎಂದು ಕೇಳಿದ್ದೇ ಅವರ ಮೊದಲ ಮಾತು.

ನರ್ಸ್ ಹೇಳಿದ ಪಥ್ಯ ಕಷ್ಟದ್ದೇನಲ್ಲ. ಎರಡು ದಿನ ಮುದ್ದೆ, ಸೊಪ್ಪು, ಕಾಳು, ಬೀಜವಿರುವ ಹಣ್ಣು ಬೇಡ. ಅನ್ನ ಮೊಸರು, ಇಡ್ಲಿ ಸಾಕು. ಹಿಂದಿನ ದಿನ ಅದೂ ಇಲ್ಲ. ಗಂಜಿಯ ತಿಳಿ, ಎಳನೀರು, ಹಾಲಿಲ್ಲದ ಟೀ, ಇಷ್ಟೇ. ಆದರೆ ಮುದ್ದೆಯಿಲ್ಲದ ಊಟ ಊಟವೇ ಅಲ್ಲವೆಂದು ನಂಬಿದವರಿಗೆ ಅದನ್ನು ಒಪ್ಪಿಸುವವರು ಯಾರು? ಮೊದಲ ದಿನವೇ ಪಕ್ಕದ ಮನೆಯ ಹನುಮವ್ವ ಹಿತಕಿದ ಅವರೆಬೇಳೆ ಸಾರು ತಂದುಕೊಟ್ಟು, ಹಸಿದ ಹೊಟ್ಟೇಲಿ ಆಸ್ಪತ್ರೆಗೆ ಹೋದೋರು ವಾಪಸ್ ಬರಲ್ಲ ಎಂದು ಬೇರೆ ಹೇಳಿ ಹೋದರು. ಬಟ್ಟಲಿಗೆ ಕೈಯಿಟ್ಟಿದ್ದ ಅತ್ತೆಯಿಂದ ಅದನ್ನು ಕಿತ್ತುಕೊಳ್ಳುವ ಹೊತ್ತಿಗೆ ಶೋಭಾಳ ಪ್ರಾಣ ಬಾಯಿಗೆ ಬಂದಿತ್ತು. ಕೆಂಗೇರಿಯಲ್ಲಿರುವ ನಾದಿನಿ ಚೈತ್ರ ಫೋನಿನಲ್ಲಿ, ಅಮ್ಮನನ್ನ ಉಪವಾಸ ಕೆಡವಬೇಡಿ ಅತ್ತಿಗೆ, ಅದೆಲ್ಲ ಆಸ್ಪತ್ರೆಯವರ ವ್ಯಾಪಾರ, ಹರಳೆಣ್ಣೆ ಕುಡಿಸಿದರೆ ಆಯ್ತಪ್ಪ ಎಂದಳು. ಬಂದು ಕುಡಿಸಿ ಹೋಗು ಎಂದರೆ ಮಕ್ಕಳಿಗೆ ಪರೀಕ್ಷೆ ಎಂದಳು.

ಹೊಸ ಪೊಟ್ಟಣ ಕಲಸಿಕೊಂಡು ಬಂದು ಈ ಸಲ ಶೋಭಾ ಅತ್ತೆಯ ಎದುರಿಗೇ ಕುರ್ಚಿ ಎಳೆದುಕೊಂಡು ಕೂತಳು. ಒಂದೊಂದು ಲೋಟಕ್ಕೂ ಮುನಿತಾಯಮ್ಮ ಶಾಪ ಹಾಕಿದರು. ಸಮುದ್ರದ ನೀರು ಕುಡಿಸಿ ಸಾಯಿಸುತ್ತಿದ್ದಾಳೆ, ಇದಕ್ಕೇ ಕಾದಿದ್ದಳು, ಎಂದು ಗೋಡೆಗೆ ಹೇಳಿದರು. ಆಮೇಲೆ ಹೊಟ್ಟೆ ಗುಡುಗತೊಡಗಿತು. ಒಮ್ಮೆ, ಇನ್ನೊಮ್ಮೆ, ಮತ್ತೊಮ್ಮೆ... ಮನೆಗಿದ್ದದ್ದು ಒಂದೇ ಟಾಯ್ಲೆಟ್. ಅಂಗಡಿಯಿಂದ ಬಂದ ಮಹದೇವ ಮೊಬೈಲ್ ಹಿಡಿದು ಅದರೊಳಗೆ ಸೇರಿಕೊಂಡ. ಶೋಭಾ ಬಾಗಿಲು ಬಡಿದಳು. ಬಂದೆ ಬಂದೆ ಎನ್ನುತ್ತಲೇ ಅವನು ಬರಲಿಲ್ಲ. ಅವನು ಬರುವಷ್ಟರಲ್ಲಿ ಮುನಿತಾಯಮ್ಮ ನಡುಮನೆಯಲ್ಲಿ ಗೋಡೆ ಹಿಡಿದು ನಿಂತಿದ್ದರು. ಸೀರೆ, ಕಾಲು, ನೆಲ...

“ನೋಡಬೇಡ ಕಣೇ ಶೋಭಾ... ಆ ಕಡೆ ತಿರುಕೋ,” ಎಂದರು. ಊರಿಗೇ ಜೋರು ಮಾಡಿದ ಆ ಗಂಟಲು ಚಿಕ್ಕ ಮಗುವಿನದಾಗಿತ್ತು.

ಶೋಭಾ ತಿರುಗಲಿಲ್ಲ. ಬಿಸಿನೀರು ತಂದಳು, ಕಾಲು ತೊಳೆದಳು, ಸೀರೆ ಬದಲಿಸಿದಳು, ನೆಲ ಒರೆಸಿದಳು. ಮೂಗು ಮುಚ್ಚಿಕೊಂಡು ಹೊರಗೆ ಹೋದ ಗಂಡನನ್ನು ಕಣ್ಣೆತ್ತಿಯೂ ನೋಡಲಿಲ್ಲ. ಆಮೇಲೆ ಲೋಟ ತುಂಬಿಸಿ ಕೈಗಿಟ್ಟಳು. ಮುನಿತಾಯಮ್ಮ ಈ ಸಲ ಮಾತಿಲ್ಲದೆ ಕುಡಿದರು. ಹೋಗುವುದು ತಿಳಿ ಹಳದಿ ನೀರಿನ ಹಾಗಾದಾಗ, ನರ್ಸ್ ಹೇಳಿದ್ದು ಇದನ್ನೇ ಎಂದು ಶೋಭಾ ಉಸಿರುಬಿಟ್ಟಳು.

ಬೆಳಿಗ್ಗೆ ಮತ್ತೆ ಉಳಿದ ಔಷಧಿ ಕುಡಿಸಿ, ಡಾಕ್ಟರು ಹೇಳಿದಂತೆ ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪಿಸಿ, ಆಸ್ಪತ್ರೆ ಮುಟ್ಟಿಸಿದ್ದಾಯಿತು. ಪರೀಕ್ಷೆಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಮಹದೇವ ಕಾರು ನಿಲ್ಲಿಸಲು ಜಾಗ ಹುಡುಕುತ್ತಲೇ ಇದ್ದ. ಅಷ್ಟರಲ್ಲಿ ಒಳಗೆ ಕರೆದರು. ಪರದೆಯ ಹಿಂದೆ ಮಂಚದ ಮೇಲೆ ಮುನಿತಾಯಮ್ಮ ಪಕ್ಕಕ್ಕೆ ತಿರುಗಿ ಮಲಗಿದ್ದರು. ಒಳಗೆ ಗಾಳಿ ತುಂಬಿರುತ್ತೆ, ಹೊಟ್ಟೆ ಉಬ್ಬರಿಸುತ್ತೆ, ಹೂಸು ಬಿಡೋಕೆ ನಾಚಿಕೆ ಪಡಬಾರದು ಅಂತ ಹೇಳಿ ಎಂದಳು ನರ್ಸ್. ಇಂಜೆಕ್ಷನ್ನಿನ ಮತ್ತು ಪೂರ್ತಿ ಇಳಿಯೋವರೆಗೂ ಏನೇನೋ ಮಾತಾಡ್ತಾರೆ, ಇವತ್ತಿಡೀ ಅವರ ಮಾತನ್ನ ಲೆಕ್ಕಕ್ಕೆ ತಗೋಬೇಡಿ, ಎಷ್ಟೋ ಜನಕ್ಕೆ ಆಡಿದ್ದು ನೆನಪೇ ಇರಲ್ಲ ಎಂದೂ ಹೇಳಿ ಹೋದಳು.

ಶೋಭಾ ಅತ್ತೆಯ ಕೈ ಹಿಡಿದು ಕೂತಳು. ಮುನಿತಾಯಮ್ಮ ಕಣ್ಣು ಅರೆ ತೆರೆದರು. ಅವಳನ್ನೇ ನೋಡಿ, ಎಂದೋ ತೀರಿಕೊಂಡ ತಮ್ಮ ಅಕ್ಕ ನೀಲಮ್ಮನ ಹೆಸರು ಹಿಡಿದು ಕರೆದರು.

“ನೀಲಕ್ಕ... ಆ ಫೋನು ಬೆಳಿಗ್ಗೇನೇ ಬಂದಿತ್ತು ಕಣಕ್ಕ. ಇವಳ ತಮ್ಮ ಅಳ್ತಾ ಇದ್ದ. ಅಮ್ಮ ಶೋಭಾ ಶೋಭಾ ಅಂತಾಳೆ, ಬೇಗ ಕಳಿಸಿ ಅಂದ... ನಾನು ಹೇಳಲಿಲ್ಲ. ಗಂಡಿನ ಕಡೆಯೋರು ಬರೋ ಹೊತ್ತು. ಇವಳು ಹೊರಟೋದ್ರೆ ಬಡಿಸೋರು ಯಾರು, ನೀನೇ ಹೇಳು...”

ಆಮೇಲೆ ಮತ್ತೆ ನಿದ್ದೆಗಿಳಿದರು. ಶೋಭಾಳ ಕೈ ಮಾತ್ರ ಆ ಕೈಯೊಳಗೇ ಉಳಿಯಿತು.

ಎಷ್ಟೋ ವರ್ಷದ ಹಿಂದಿನ, ಚೈತ್ರಳ ನಿಶ್ಚಿತಾರ್ಥದ ದಿನವದು. ಬೆಳಗಿನಿಂದ ಒಲೆಯ ಮುಂದೆಯೇ ಇದ್ದ ಶೋಭಾಳಿಗೆ, ಬೀಗರೆಲ್ಲ ಎಲೆ ಅಡಿಕೆ ಹಾಕಿಕೊಂಡು ಹೊರಟ ಮೇಲೆ, ಸಾಯಂಕಾಲ, ಈಗ ತಾನೇ ಫೋನು ಬಂತು, ನಿಮ್ಮಮ್ಮನಿಗೆ ಕಾಯಿಲೆ ಜೋರಂತೆ ಎಂದು ಅತ್ತೆ ಹೇಳಿದ್ದರು. ಬ್ಯಾಡರಹಳ್ಳಿಯ ತವರಿಗೆ ಓಡಿದಾಗ ಅಮ್ಮನನ್ನು ಚಾಪೆಯ ಮೇಲೆ ಮಲಗಿಸಿ ತಲೆಯ ಹತ್ತಿರ ದೀಪ ಹಚ್ಚಿದ್ದರು. ಬಾಗಿಲಲ್ಲಿ ನಿಂತಿದ್ದ ತಮ್ಮ ಅರುಣ್ ಕುಮಾರ್, ಬಿಡುವಾಯ್ತಾ ಅಕ್ಕ, ಎಂದಷ್ಟೇ ಕೇಳಿದ್ದ. ದುಃಖದಲ್ಲಿ ಏನೋ ಅಂದ ಎಂದುಕೊಂಡಿದ್ದಳು. ಆದರೆ ಅಲ್ಲಿಂದಾಚೆಗೆ ಅವನು ಹಬ್ಬಕ್ಕೆ ಕರೆಯುವುದನ್ನು ಬಿಟ್ಟ. ಫೋನು ಮಾಡಿದರೆ ಹೂಂ, ಉಹೂಂ. ಏನು ತಪ್ಪು ಮಾಡಿದೆನೆಂದು ಎಷ್ಟು ವರ್ಷ ತಲೆ ಕೆಡಿಸಿಕೊಂಡಿದ್ದಳು! ಕರೆದರೂ ಬರದ ಮಗಳು... ಅಮ್ಮನೂ ಹಾಗೆಂದುಕೊಂಡೇ ಕಣ್ಣು ಮುಚ್ಚಿದಳೇ?

ಎಚ್ಚರವಾದ ಮುನಿತಾಯಮ್ಮ ಮೊದಲು ಕೇಳಿದ್ದು ಕಾಫಿ. ತಡವಾಯಿತೆಂದು ರೇಗಿದರು ಕೂಡ. ಡಾಕ್ಟರು ಶೋಭಾ ಮತ್ತು ಮಹದೇವನನ್ನು ಕರೆದು, ದೊಡ್ಡ ಕರುಳಿನಲ್ಲಿ ಒಂದು ಗಡ್ಡೆಯಿದೆ, ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದೇವೆ ಎಂದರು. ಸ್ವಲ್ಪ ರಕ್ತ ಕಂಡರೆ ಗಾಬರಿ ಬೇಡ; ಜಾಸ್ತಿ ಹೋದರೆ, ಜ್ವರ ಬಂದರೆ, ಹೊಟ್ಟೆನೋವು ತಡೆಯಲಾಗದಿದ್ದರೆ ತಕ್ಷಣ ಕರೆತನ್ನಿ ಎಂದರು. ಮಹದೇವ ಗಡ್ಡೆ ಎಂಬ ಮಾತಿಗೇ ನಿಂತುಬಿಟ್ಟಿದ್ದ. ಎಲ್ಲವನ್ನೂ ಕೇಳಿಸಿಕೊಂಡವಳು ಶೋಭಾಳೇ.

ಆ ದಿನ ಅವಳು ಬಾಯಿ ಬಿಡಲಿಲ್ಲ. ಮೆತ್ತಗೆ ಅನ್ನ ಮಾಡಿ ಮೊಸರು ಕಲಸಿಕೊಟ್ಟಳು, ಉಬ್ಬರದಿಂದ ಒದ್ದಾಡಿದಾಗ ಬೆನ್ನು ಹಿಡಿದು ನಡೆಸಿದಳು. ಮಾತು ಲೆಕ್ಕಕ್ಕೆ ಬರುವ ದಿನಕ್ಕಾಗಿ ಹಲ್ಲು ಕಚ್ಚಿಕೊಂಡು ಕಾದಳು. ಮಾರನೆಯ ಬೆಳಿಗ್ಗೆ ಇಡ್ಲಿಯ ತಟ್ಟೆ ಅತ್ತೆಯ ಮುಂದಿಟ್ಟು, ನಮ್ಮಮ್ಮ ಹೋದ ದಿನ ಫೋನು ಯಾವಾಗ ಬಂತು ಎಂದು ಕೇಳಿದಳು.

ಮುನಿತಾಯಮ್ಮನವರ ಕೈ ತಟ್ಟೆಯಲ್ಲೇ ನಿಂತಿತು. ಯಾರು ಹೇಳಿದರು ಎಂದರು. ನೀವೇ, ನಿನ್ನೆ ಮತ್ತಿನಲ್ಲಿ, ಎಂದಳು ಶೋಭಾ. ಅವರು ಇಲ್ಲವೆನ್ನಲಿಲ್ಲ. ಅಷ್ಟು ಬೇಗ ಹೋಗಿಬಿಡ್ತಾಳೆ ಅಂತ ಯಾರಿಗೆ ಗೊತ್ತಿತ್ತು ಎಂದು ಗೊಣಗಿದರು. ಅಂಗಡಿಗೆ ಹೊರಟಿದ್ದ ಮಹದೇವ ಮಧ್ಯೆ ಬಾಯಿ ಹಾಕಿ, ಹಳೇದೆಲ್ಲ ಈಗ ಯಾಕೆ, ಅಮ್ಮನಿಗೆ ಹುಷಾರಿಲ್ಲ, ನೋಡ್ತಾ ಇದೀಯಲ್ಲ ಎಂದ.

“ನಿಮ್ಮಮ್ಮನಿಗೆ ಹುಷಾರಿಲ್ಲ. ನಮ್ಮಮ್ಮ ಸತ್ತೇಹೋದಳು ಕಣ್ರೀ! ನನ್ನ ಹೆಸರು ಕೂಗ್ತಾ ಸತ್ತಳು.”

ಅವಳ ದನಿ ಅಷ್ಟು ಎತ್ತರಕ್ಕೆ ಹೋಗಬಲ್ಲದೆಂದು ಆ ಮನೆಗೆ ಅಂದೇ ತಿಳಿದದ್ದು. ಮಹದೇವ ಬೈಕಿನ ಕೀಲಿ ಹಿಡಿದುಕೊಂಡೇ ಕೂತುಬಿಟ್ಟ.

“ನಾನು ತಪ್ಪಾಯ್ತು ಅಂತ ಕೇಳಲ್ಲ ಶೋಭಾ,” ಎಂದರು ಮುನಿತಾಯಮ್ಮ ತಟ್ಟೆ ಪಕ್ಕಕ್ಕೆ ಸರಿಸಿ. “ಕೇಳೋ ಮುಖ ಇಲ್ಲ ನನಗೆ.”

“ಕೇಳಬೇಡಿ ಅತ್ತೆ. ಕೇಳಿದ್ರೆ ಆಯ್ತು ಬಿಡಿ ಅನ್ನಬೇಕಾಗುತ್ತೆ. ನನ್ನ ಕೈಲಿ ಆಗಲ್ಲ. ನನ್ನ ತಮ್ಮನಿಗೆ ಹೇಳಿ, ಅಷ್ಟು ಸಾಕು.”

ಅವರು ಹೇಳಲಿಲ್ಲ. ದಿನಗಳು ಹೋದವು. ಶೋಭಾ ಅಡುಗೆ ಮಾಡಿಟ್ಟು, ಮಾತ್ರೆ ತೆಗೆದಿಟ್ಟು ಕೆಲಸಕ್ಕೆ ಹೋಗುತ್ತಿದ್ದಳು. ಮಾತೊಂದನ್ನು ಬಿಟ್ಟು ಉಳಿದದ್ದೆಲ್ಲ ಹೊತ್ತುಹೊತ್ತಿಗೆ ನಡೆಯಿತು. ಅತ್ತೆಗೆ ಹನುಮವ್ವನ ಹತ್ತಿರ ಸೊಸೆಯನ್ನು ಬೈಯುವ ಉತ್ಸಾಹವೂ ಹೋಗಿತ್ತು. ರಿಪೋರ್ಟ್ ಬಂತು: ಕ್ಯಾನ್ಸರ್. ಆದರೆ ಸ್ಕ್ಯಾನ್‌ನಲ್ಲಿ ಬೇರೆಲ್ಲೂ ಹರಡಿದಂತೆ ಕಾಣುವುದಿಲ್ಲ, ಆ ಭಾಗ ಕತ್ತರಿಸಿ ತೆಗೆದರೆ ಗುಣವಾಗುವ ಭರವಸೆ ಚೆನ್ನಾಗಿದೆ, ಇನ್ನಷ್ಟು ತಡಮಾಡಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಮಹದೇವನೂ ಚೈತ್ರಳೂ ಒಮ್ಮೆ ಇದೇ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದೆಂದಾಗ ಮಹದೇವ, ನಮಗ್ಯಾಕೆ ಡಾಕ್ಟ್ರೇ, ಎಂದ. ಸುದ್ದಿ ತಿಳಿದ ಚೈತ್ರ ಫೋನಿನಲ್ಲಿ ಗೊಳೋ ಎಂದು ಅತ್ತಳು. ಹರಳೆಣ್ಣೆಯ ಮಾತು ಎತ್ತಲಿಲ್ಲ.

ಆ ಸಂಜೆ ಮುನಿತಾಯಮ್ಮ ತಾವಾಗಿಯೇ ಶೋಭಾಳ ಮೊಬೈಲ್ ಕೇಳಿದರು. ಅರುಣನ ನಂಬರು ಹಾಕಿಕೊಡು ಎಂದರು. ಅದು ಪಶ್ಚಾತ್ತಾಪವೋ, ಸಾವಿನ ಭಯವೋ, ಸೊಸೆ ಕೈಬಿಟ್ಟಾಳೆಂಬ ಲೆಕ್ಕಾಚಾರವೋ ಶೋಭಾಳಿಗೆ ತಿಳಿಯಲಿಲ್ಲ. ಮೂರೂ ಇದ್ದಿರಬಹುದು. ನಂಬರು ಒತ್ತಿ ಕೊಟ್ಟಳು. ಮುನಿತಾಯಮ್ಮ ಸುತ್ತಿಬಳಸದೆ, ಅಡುಗೆಮನೆಯ ಮಾತು ಹೇಳುವ ಹಾಗೆ ಹೇಳಿದರು. ಬೆಳಿಗ್ಗೆ ನೀನು ಫೋನು ಮಾಡಿದ್ದು ನಿನ್ನ ಅಕ್ಕನಿಗೆ ನಾನು ಸಂಜೆಯವರೆಗೂ ಹೇಳಲಿಲ್ಲ ಕಣಪ್ಪ, ಅವಳದೇನೂ ತಪ್ಪಿಲ್ಲ, ಎಂದರು. ಹೇಳುತ್ತಾ ಹೇಳುತ್ತಾ ಸೆರಗು ಬಾಯಿಗೆ ಹೋಯಿತು. ಶೋಭಾ ಫೋನು ಇಸಿದುಕೊಂಡು ಕಿವಿಗಿಟ್ಟಳು.

“ಅಕ್ಕ,” ಎಂದ ಅರುಣ. ಆಮೇಲೆ ಎಷ್ಟೋ ಹೊತ್ತು ಒಬ್ಬರ ಬಿಕ್ಕು ಇನ್ನೊಬ್ಬರು ಕೇಳಿಸಿಕೊಂಡರು.

ಆಪರೇಷನ್‌ಗೆ ಮೊದಲು ಶೋಭಾ ಕೆಲವು ದಿನ ಬ್ಯಾಡರಹಳ್ಳಿಗೆ ಹೋಗಿ ತಮ್ಮನ ಮನೆಯಲ್ಲಿದ್ದಳು. ಇತ್ತ ಲಗ್ಗೆರೆಯಲ್ಲಿ ಅಮ್ಮನಿಗೆ ಗಂಜಿ ಕಾಯಿಸಿದ್ದು, ಕರುಳು ತೊಳೆಯುವ ಔಷಧಿ ಕುಡಿಸಿದ್ದು, ನೆಲ ಒರೆಸಿದ್ದು ಎಲ್ಲ ಮಹದೇವ. ಗಂಜಿ ಎಷ್ಟು ನೀರಿಗೆ ಎಂದು ಅವನು ಫೋನು ಮಾಡಿದಾಗ ಶೋಭಾ ಹೇಳಿಕೊಟ್ಟಳು. ಬಾ ಎಂದಾಗ, ಆಸ್ಪತ್ರೆಗೇ ಬರ್ತೀನಿ ಎಂದಳು.

ಹೇಳಿದಂತೆ ಬಂದಳು, ಕರೆತಂದವನು ಅರುಣ. ಮುನಿತಾಯಮ್ಮ ಹಸಿರು ಗೌನಿನಲ್ಲಿ, ಬರಿಗೊರಳಲ್ಲಿ, ಸ್ಟ್ರೆಚರಿನ ಮೇಲೆ ಪುಟ್ಟದಾಗಿ ಕಾಣುತ್ತಿದ್ದರು. ಅರುಣನನ್ನು ನೋಡಿ ಕಣ್ಣು ತಗ್ಗಿಸಿದರು. ಅವನು ಹೊರಗೆ ಹೋದ ಮೇಲೆ ಸೊಸೆಯನ್ನು ಹತ್ತಿರ ಕರೆದರು.

“ಇವತ್ತೂ ಮತ್ತು ಕೊಡ್ತಾರಂತೆ ಕಣೇ. ಮತ್ತೆ ಏನಾದ್ರೂ ಒದರಿಬಿಟ್ರೆ?”

“ಇನ್ನೇನಾದ್ರೂ ಇದ್ರೆ ಈಗಲೇ ಹೇಳ್ಬಿಡಿ ಅತ್ತೆ.”

ಮುನಿತಾಯಮ್ಮ ಚಾವಣಿ ನೋಡುತ್ತಾ ಯೋಚಿಸಿದರು. ನಿಜವಾಗಿಯೂ ಯೋಚಿಸಿದರು. ಅಷ್ಟು ಹೊತ್ತು ಬೇಕೇ, ಎಂದು ಶೋಭಾಳ ಸಿಟ್ಟು ನೆತ್ತಿಗೇರತೊಡಗಿತು.

“ಇಲ್ಲ,” ಎಂದರು ಕೊನೆಗೆ. “ಅಷ್ಟೇ ಅನ್ಸುತ್ತೆ.”

ಅನ್ಸುತ್ತೆ! ಶೋಭಾಳಿಗೆ ಉತ್ತರ ಕೊಡಬೇಕೆನಿಸಿತು. ಅಷ್ಟರಲ್ಲಿ ಸ್ಟ್ರೆಚರು ಹೊರಟಿತು. ಅತ್ತೆಯ ಪಾದಗಳು ಹೊರಗೆ ಚಾಚಿಕೊಂಡು ಚಳಿಗೆ ಮುದುಡಿದ್ದವು. ಅವಳು ಜೊತೆಯಲ್ಲೇ ನಡೆಯುತ್ತಾ ಹೊದಿಕೆ ಎಳೆದು ಅವನ್ನು ಮುಚ್ಚಿದಳು, ಬಾಗಿಲವರೆಗೂ ಹೋದಳು.