ಒಂದನೇ ಕ್ಲಾಸಿನ ಲೈಟ್ ಲೀಡರ್

"ಕಣ್ಣು ಬಿಡೋ ಹಾಗಿಲ್ಲ ಸರ್! ಚೀಟಿಂಗ್ ಮಾಡಿದ್ರೆ ಮಕ್ಕಳು ನಿಮ್ಮನ್ನ ಔಟ್ ಮಾಡ್ತಾರೆ!"

ವೃಂದಾ ಟೀಚರ್ ತಮಿಳಿನಲ್ಲಿ ಗದರಿದ ರೀತಿಗೆ ಒಂದನೇ ಕ್ಲಾಸಿಗೆ ಕ್ಲಾಸೇ ಕಿಲಕಿಲ ನಕ್ಕಿತು.

ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಎದೆಗೆ ತಾಗುವ ಹಾಗೆ ಮುದುಡಿ ಕೂತಿದ್ದ ಮುಖ್ಯ ಅತಿಥಿಯ ಕಣ್ಣಿಗೆ ಕರ್ಚೀಫು ಕಟ್ಟಿತ್ತು. ತಮಿಳು ಸೀಮೆಯ ಮಣಲಿಯ ಆ ಶಾಲೆಯಲ್ಲಿ ಅಂದು ಪಂಚೇಂದ್ರಿಯ ದಿನ. ರುಚಿ ನೋಡುವುದು, ಮುಟ್ಟಿ ಹೇಳುವುದು ಎಲ್ಲ ಮುಗಿದು ಈಗ ಮೂಗಿನ ಸರದಿ. ಮೇಜಿನ ಮೇಲೆ ಮುಚ್ಚಳ ಹಾಕಿದ ಡಬ್ಬಿಗಳು.

ಅತಿಥಿಯ ಹೆಸರು ಸಂದೇಶ್. ಶಾಲೆಯ ಬೆನ್ನಿಗೇ ನಿಂತಿದ್ದ ಕೆಮಿಕಲ್ ಫ್ಯಾಕ್ಟರಿಯ ಪರಿಸರ ವಿಭಾಗದ ಅಧಿಕಾರಿ. ಬಂದು ಕೆಲವೇ ತಿಂಗಳಾಗಿತ್ತು. ಶಾಲೆ ನಡೆಸುವ ಟ್ರಸ್ಟ್ ಕೂಡ ಆ ಫ್ಯಾಕ್ಟರಿಯದ್ದೇ. ಹಾಗಾಗಿ ಬಹುಮಾನ ಕೊಡಲು ಪ್ರತಿ ವರ್ಷ ಅಲ್ಲಿಂದ ಒಬ್ಬರು ಬರುತ್ತಿದ್ದರು. ಆದರೆ ನೆಲದ ಮಟ್ಟಕ್ಕೆ ಕೂತು ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡವನು ಇವನೊಬ್ಬನೇ!

ವೃಂದಾ ಮೊದಲ ಡಬ್ಬಿ ಹಿಡಿದಳು.

"ಇಂಗು! ಇದಕ್ಕೆ ಎಂತ ಪರೀಕ್ಷೆ ಮಾರಾಯ್ರೆ? ನಾನು ಹುಟ್ಟಿದ್ದೇ ಹೋಟೆಲ್ ಅಡುಗೆಮನೆಯಲ್ಲಿ."

ಕನ್ನಡ! ಅದೂ ಕುಂದಾಪುರದ ಕಡೆಯ ಕನ್ನಡ! ತಿರುವಲ್ಲಿಕ್ಕೇಣಿಯಲ್ಲಿ ಹುಟ್ಟಿ, ಮನೆಯಲ್ಲಿ ಅರ್ಧ ತಮಿಳು ಬೆರೆಸಿ ಮಾತಾಡುತ್ತಾ ಬೆಳೆದ ವೃಂದಾಳಿಗೆ ಯಾಕೋ ಎದೆಯೊಳಗೆ ಗುಬ್ಬಿ ಹಾರಿದ ಹಾಗಾಯಿತು. ಎರಡನೇ ಡಬ್ಬಿ ತೆರೆದಳು.

"ಮಲ್ಲಿಗೆ..." ಅವನು ತಡೆದ. "ಡಬ್ಬಿಯದ್ದಾ, ನಿಮ್ಮ ಮುಡಿಯದ್ದಾ ಅಂತ ಮಾತ್ರ ಹೇಳ್ಲಿಕ್ಕೆ ಆಗೂದಿಲ್ಲ."

ಅಯ್ಯೋ! ಬಾಗಿಲಲ್ಲಿ ನಿಂತಿದ್ದ ಹೆಡ್ ಮಿಸ್ ಜಯಲಕ್ಷ್ಮೀ ಕೆಮ್ಮಿದರು. ವೃಂದಾ ಮುಖ ಕೆಂಪಾಗಿ, "ಸಾಕು ಸಾಕು. ಈಗ ಮಕ್ಕಳು ಬರ್ಲಿ," ಎಂದಳು.

ಮೊದಲು ಬಂದದ್ದು ಅಶ್ವಿತಾ. ಅವಳಪ್ಪ ಅಲ್ಲೇ ಹತ್ತಿರ ಸಂದೇಶನ ಸೋದರಮಾವ ನಡೆಸುವ ಹೋಟೆಲಿನಲ್ಲಿ ದೋಸೆ ಹುಯ್ಯುವವನು. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವ ಪೋರಿ.

"ಮೂಸಿ ಹೇಳು ಕಂದಾ, ಇದೇನು?" ಕಾಫಿಪುಡಿಯ ಡಬ್ಬಿ.

"ಒಣ್ಣುಮೇ ಇಲ್ಲ ಮಿಸ್."

"ಏನೂ ಇಲ್ವಾ? ಸರಿಯಾಗಿ ಮೂಸು." ಮಲ್ಲಿಗೆ ಹಿಡಿದಳು. ಕರ್ಪೂರ ಹಿಡಿದಳು.

"ಒಣ್ಣುಮೇ ಇಲ್ಲ."

ನೆಗಡಿ ಇರಬೇಕು... ವೃಂದಾ ಮುಂದಿನ ಮಗುವನ್ನು ಕರೆದಳು. ಅವನೂ ತಲೆ ಅಲ್ಲಾಡಿಸಿದ. ಇನ್ನೊಬ್ಬಳು ಇಂಗನ್ನು "ಸೋಪ್" ಅಂದಳು, ಬಹುಮಾನದ ಪೆನ್ಸಿಲಿನ ಆಸೆಗೆ ಸುಮ್ಮನೆ ಊಹಿಸಿ. ಸಾಲಿನಲ್ಲಿ ನಿಂತವರಲ್ಲಿ ಮುಕ್ಕಾಲು ಪಾಲು ಮಕ್ಕಳ ಮೂಗಿಗೆ ಆ ಡಬ್ಬಿಗಳೆಲ್ಲ ಖಾಲಿ ಡಬ್ಬಿಗಳೇ!

ಕ್ಲಾಸಿನ ನಗು ನಿಂತುಹೋಯಿತು. ವೃಂದಾ ಡಬ್ಬಿ ಮುಚ್ಚಿ ಕೆಳಗಿಟ್ಟಳು. ಹೂವಿನ ವಾಸನೆ ಗೊತ್ತಾಗದ ಆರು ವರ್ಷದ ಮಕ್ಕಳು...

"ಯಾವಾಗಿಂದ ಹೀಗೆ ಅಶ್ವೀ?"

"ನೈಟ್‌ಲ ಗ್ಯಾಸ್ ವರುಂ ಮಿಸ್," ಎಂದಳು ಅಶ್ವಿತಾ, ರಾತ್ರಿ ಹಾಲಿನವನು ಬರುತ್ತಾನೆ ಎನ್ನುವಷ್ಟು ಸಲೀಸಾಗಿ. ರಾತ್ರಿ ಗ್ಯಾಸ್ ಬರುತ್ತದಂತೆ. ಅಮ್ಮ ಎಲ್ಲರ ಮುಖದ ಮೇಲೂ ಒದ್ದೆ ಟವೆಲ್ ಹಾಕಿ ಮಲಗಿಸುತ್ತಾಳಂತೆ. "ಉಂಗ ವೀಟ್ಲ ಪೋಡಮಾಟ್ಟಾಂಗಳಾ?" ನಿಮ್ಮನೇಲಿ ಹಾಕಲ್ವಾ ಮಿಸ್ ಎಂದು ಆಶ್ಚರ್ಯಪಟ್ಟು ಕೇಳಿದಳು.

ವೃಂದಾ ಗರಬಡಿದವಳ ಹಾಗೆ ನಿಂತಳು. ನಿತ್ಯ ಬೆಳಗ್ಗೆ ಬಂದು, ಸಂಜೆ ಬಸ್ಸು ಹತ್ತಿ ಸಮುದ್ರದ ಗಾಳಿಯ ಊರಿಗೆ ಹೋಗಿಬಿಡುವ ಟೀಚರಿಗೆ ಇಲ್ಲಿನ ರಾತ್ರಿಯೇ ಗೊತ್ತಿರಲಿಲ್ಲ!

ಸರ್ರನೆ ತಿರುಗಿದಳು. ಸಂದೇಶ್ ಕರ್ಚೀಫು ಕಿತ್ತು ಎದ್ದು ನಿಂತಿದ್ದ.

"ಸರ್, ರಾತ್ರಿ ಹೊತ್ತು ಏನು ಬಿಡ್ತೀರಾ ನೀವು?"

"ವೃಂದಾ!" ಹೆಡ್ ಮಿಸ್ ಕಿರುಚಿದರು. "ಗೆಸ್ಟ್ ಹತ್ತಿರ ಹೀಗಾ ಮಾತಾಡೋದು?"

"ಗಾಳಿ ಅಳೆಯುವ ಮೀಟರ್ ಉಂಟು," ಅವನ ಸ್ವರ ಅವನಿಗೇ ಕೇಳದಷ್ಟು ಸಣ್ಣಗಾಗಿತ್ತು. "ನಿಮ್ಮ ಶಾಲೆಯ ಟೆರೇಸಿನಲ್ಲೇ ಉಂಟು. ನನ್ನ ಕಂಪ್ಯೂಟರಿನಲ್ಲಿ ರಾತ್ರಿಯಿಡೀ ಹಸಿರೇ ಬರ್ತದೆ..."

"ನಿಮಗೆ ಮೂಗಿಲ್ವಾ? ಮೀಟರಿಗೆ ಮಾತ್ರ ಇರೋದಾ?"

ಅವನು ಬಹುಮಾನ ಕೊಡದೆಯೇ ಹೊರಟುಹೋದ.

*

ಹೇಡಿ! ಆ ವಾರವಿಡೀ ವೃಂದಾ ಮನಸ್ಸಿನಲ್ಲಿ ಬೈದುಕೊಂಡಳು. ಆದರೆ ಸೋಮವಾರ ಹೇಡಿ ತಾನಾಗಿಯೇ ಗೇಟಿನಲ್ಲಿ ಪ್ರತ್ಯಕ್ಷನಾದ. ರಾಯಪುರಂನ ತನ್ನ ಕೋಣೆ ಬಿಟ್ಟು ಅಶ್ವಿತಾಳ ಮನೆಯ ಜಗಲಿಯಲ್ಲಿ ಮಲಗಿ ನೋಡಿದನಂತೆ. ಕಣ್ಣು ಕೆಂಡವಾಗಿತ್ತು.

"ನೀವು ಹೇಳಿದ್ದು ಸತ್ಯ. ಮೀಟರ್ ಸುಳ್ಳು ಹೇಳ್ತಾ ಉಂಟು. ಯಾಕೆ ಅಂತ ಕಂಡುಹಿಡಿಯದೆ ಬಿಡೂದಿಲ್ಲ."

ಅಂದಿನಿಂದ ಅವನು ಟೆರೇಸ್ ಹತ್ತುವುದು, ಇಳಿಯುವುದು, ಇಳಿದವನು ಮಕ್ಕಳ ಕೈಗೆ ಸಿಕ್ಕಿಬೀಳುವುದು ನಡೆಯಿತು. ಮಕ್ಕಳು ಅವನಿಗೆ 'ಡಬ್ಬಾ ಅಂಕಲ್' ಎಂದು ಹೆಸರಿಟ್ಟರು. ಮಣ್ಣಿನಲ್ಲಿ ಆನೆ ಮಾಡುವ ಚಟುವಟಿಕೆಯಲ್ಲಿ ಅವನ ಆನೆ ನೋಡಿ ಅಶ್ವಿತಾ, "ಇದು ಇಡ್ಲಿ" ಎಂದು ತೀರ್ಪು ಕೊಟ್ಟಳು. ವೃಂದಾ ನಕ್ಕೂ ನಕ್ಕೂ ಕಣ್ಣೀರು ಒರೆಸಿಕೊಂಡಳು. ತಲೆ ಎತ್ತಿದರೆ ಅವನು ಅವಳ ನಗುವನ್ನೇ ನೋಡುತ್ತಿದ್ದ...

'ಇವನನ್ನ ನಂಬಬಹುದಾ? ನಂಬಿಬಿಟ್ಟಿದ್ದೀನಲ್ಲ ಆಗಲೇ!' ಎಂದಿತು ಮನಸ್ಸು.

ಒಂದು ಸಂಜೆ ಶಾಲೆ ಬಿಡುವ ಹೊತ್ತು. ಆ ಹೊತ್ತಿಗೊಂದು ಆಟವಿತ್ತು. ಕರೆಂಟು ಉಳಿಸುವುದನ್ನು ಕಲಿಸಲೆಂದು ವೃಂದಾಳೇ ಹುಟ್ಟುಹಾಕಿದ ಆಟ. ವಾರಕ್ಕೊಂದು ಮಗು 'ಲೈಟ್ ಲೀಡರ್'. ಎದೆಗೆ ಹಳದಿ ಬ್ಯಾಡ್ಜ್ ಚುಚ್ಚಿಕೊಂಡು ಬೆಳಗ್ಗೆ ಹಾಕಿದ್ದ ಕ್ಲಾಸಿನ ಫ್ಯಾನು, ಲೈಟು, ವರಾಂಡದ ಸ್ವಿಚ್ಚುಗಳು ಎಲ್ಲವನ್ನೂ ಆರಿಸಬೇಕು. ಮಿಕ್ಕವರು ಚಪ್ಪಾಳೆ ತಟ್ಟಬೇಕು. ಅಂದು ಅಶ್ವಿತಾ ಸ್ಟೂಲ್ ಹತ್ತಿ ಠಪ್ ಠಪ್ ಎಂದು ಒಂದೊಂದೇ ಆರಿಸಿದಳು. ಚಪ್ಪಾಳೆ!

ವರಾಂಡದ ಕೊನೆಯಲ್ಲಿ ನಿಂತಿದ್ದ ಸಂದೇಶನ ಮುಖ ಬಿಳಿಚಿಹೋಯಿತು. ವೃಂದಾಳನ್ನೊಮ್ಮೆ ನೋಡಿದ. ಏನೋ ಹೇಳಲು ಬಾಯಿ ತೆರೆದವನು ತಿರುಗಿ ಗೇಟಿನ ಕಡೆ ನಡೆದ.

ಅಂದು ಹೋದವನು ಮತ್ತೆ ಅವಳ ಕಣ್ಣಿಗೆ ಬೀಳಲಿಲ್ಲ. ಫೋನೂ ಎತ್ತಲಿಲ್ಲ.

ಎರಡು ದಿನಕ್ಕೆ ಸುದ್ದಿ ಹೊತ್ತು ತಂದವರು ಹೆಡ್ ಮಿಸ್. "ಕೇಳಿದ್ಯಾ? ರಾತ್ರಿ ಹೊತ್ತು ಮೀಟರ್ ಆಫ್ ಮಾಡ್ತಾ ಇದ್ದದ್ದು ಆ ಸಂದೇಶನೇ ಅಂತೆ! ರಿಪೇರಿಗೆ ಅಂತ ಸಂಜೆ ಆಫ್ ಮಾಡಿ ಮತ್ತೆ ಹಾಕೋಕೆ ಮರೀತಿದ್ದೆ ಅಂತ ತಾನೇ ಬರೆದುಕೊಟ್ಟಿದ್ದಾನೆ. ಕೆಲಸದಿಂದ ತೆಗೆದ್ರು."

ಅವನೇ?! ನಮ್ಮ ಜೊತೆ ಆನೆ ಮಾಡುತ್ತಾ, ನಗುತ್ತಾ... ಅವನೇ?!

ವೃಂದಾ ನೇರ ಅವನ ಮಾವನ ಹೋಟೆಲಿಗೆ ನುಗ್ಗಿದಳು. ಸಂದೇಶ್ ಬನಿಯನ್ನಿನಲ್ಲಿ ಸಾಂಬಾರಿನ ಕೊಳಗ ಎತ್ತುತ್ತಿದ್ದ.

"ಎಷ್ಟು ಚೆನ್ನಾಗಿ ನಾಟಕ ಆಡಿದ್ರಿ! ಮಕ್ಕಳ ಮೂಗು ಕಿತ್ಕೊಂಡು ಅವರಿಂದಲೇ ಅಂಕಲ್ ಅನ್ನಿಸ್ಕೊಂಡ್ರಲ್ಲ, ನಾಚಿಕೆ ಆಗ್ಲಿಲ್ವಾ?"

ತಿಂಡಿ ತಿನ್ನುತ್ತಿದ್ದವರೆಲ್ಲ ತಿರುಗಿ ನೋಡಿದರು. ಅವನು ಕೊಳಗ ಕೆಳಗಿಟ್ಟ.

"ಇನ್ನು ಬೈಲಿಕ್ಕೆ ಉಂಟಾ?"

"ಉಂಟು! ನಿಮ್ಮನ್ನ ನಂಬಿದ್ನಲ್ಲ, ಅದಕ್ಕೆ ನನ್ನನ್ನೇ ಬೈಕೋಬೇಕು!"

ಅವನ ಕಣ್ಣು ತುಂಬಿತು. ಬಗ್ಗಿ ಕೊಳಗ ಎತ್ತಿಕೊಂಡು ಒಳಗೆ ನಡೆದ.

*

ಮರುದಿನ ಸಂಜೆ, ಆ ವಾರದ ಲೀಡರ್ ಅಶ್ವಿತಾ ಮತ್ತೆ ಸ್ಟೂಲ್ ಹತ್ತಿದಳು. ಠಪ್, ಠಪ್... ಕೊನೆಯ ಸ್ವಿಚ್ಚಿನ ಹತ್ತಿರ ಕೈ ಹಿಂದಕ್ಕೆಳೆದುಕೊಂಡಳು. ಅದರ ಮೇಲೆ ದಪ್ಪ ಟೇಪು ಅಂಟಿಸಿತ್ತು.

"ಅದನ್ಯಾಕೆ ಬಿಟ್ಟೆ?"

"ಕಾಲೈಲ ಡಬ್ಬಾ ಅಂಕಲ್ ಒಟ್ಟಿಟ್ಟು ಪೋನಾರು," ಬೆಳಗ್ಗೆ ಅಂಕಲ್ ಅಂಟಿಸಿ ಹೋದರು, ಎಂದಳು ಹುಡುಗಿ. "ಅದನ್ನ ಮಾತ್ರ ಮುಟ್ಟಬೇಡ, ಮಿಸ್‌ಗೆ ಹೇಳಬೇಡ ಅಂದ್ರು. ಪ್ರಾಮಿಸ್..." ಪ್ರಾಮಿಸ್ ಮುರಿದದ್ದು ನೆನಪಾಗಿ ಬಾಯಿಗೆ ಕೈ ಅಡ್ಡ ಹಿಡಿದಳು.

ವೃಂದಾ ಸ್ವಿಚ್ಚಿನಿಂದ ಹೊರಟ ವೈರಿನ ಜಾಡು ಹಿಡಿದಳು. ಗೋಡೆ... ಮೆಟ್ಟಿಲು... ಟೆರೇಸ್. ವೈರು ನೆಟ್ಟಗೆ ಹೋಗಿ ಗಾಳಿಯ ಮೀಟರಿನ ಹೊಟ್ಟೆಯೊಳಗೆ ಸೇರಿತ್ತು.

ಅವಳು ವೈರನ್ನು ಮತ್ತೊಮ್ಮೆ ಕೈಯಲ್ಲಿ ಸವರಿ ನೋಡಿದಳು.

ನಾನು! ಪ್ರತಿ ಸಂಜೆ ಮೀಟರಿನ ಕಣ್ಣು ಮುಚ್ಚಿಸಿದವಳು ನಾನು! ಆ ಮಕ್ಕಳ ಕೈಯಿಂದಲೇ ಮುಚ್ಚಿಸಿ, ಚಪ್ಪಾಳೆ ತಟ್ಟಿಸಿದವಳು ನಾನು!

ಟೆರೇಸಿನ ಬಿಸಿ ಸಿಮೆಂಟಿನ ಮೇಲೆ ಕೂತುಬಿಟ್ಟಳು. ಅವನು ಸುಳ್ಳು ಬರೆದುಕೊಟ್ಟದ್ದು ಯಾಕೆಂದು ಈಗ ಹೊಳೆಯಿತು. ಹೆಸರು ಹೊರಬಿದ್ದರೆ ಫ್ಯಾಕ್ಟರಿಯವರು ಟೀಚರ್ ಮೇಲೆ ಕೇಸು ಹಾಕುತ್ತಾರೆ, ಆರು ವರ್ಷದ ಮಗುವನ್ನು ನಿಲ್ಲಿಸಿ ವಿಚಾರಿಸುತ್ತಾರೆ. ಅವಳಿಗೆ ಹೇಳಿದರೆ ಅವಳು ಸುಮ್ಮನಿರುವವಳಲ್ಲ, ಅದೂ ಗೊತ್ತಿತ್ತು ಅವನಿಗೆ. ಅದಕ್ಕೇ ಆ ಮೌನ. ಹೋಟೆಲ್ ತುಂಬ ಜನರ ಎದುರು ಬೈಸಿಕೊಂಡ ಮೌನ...

*

ಶನಿವಾರ ಶಾಲೆಯ ಹಾಲಿನಲ್ಲಿ ಪೋಷಕರ ಸಭೆ. ಫ್ಯಾಕ್ಟರಿಯ ಮ್ಯಾನೇಜರ್ ಉಪೇಂದ್ರ ನಗುನಗುತ್ತಾ ಮಾತಾಡಿದರು. "ಒಬ್ಬ ನೌಕರನ ಅಜಾಗರೂಕತೆ. ಅವನನ್ನ ತೆಗೆದಿದ್ದೇವೆ. ಇಲ್ಲಿಗೆ ಈ ವಿಷಯ ಮುಗೀತು."

ಮುಗಿಯಿತಂತೆ! ಮಕ್ಕಳು ಮೂಗು ಕಳೆದುಕೊಂಡ ವಿಷಯ ಒಂದು ಸಹಿಯಲ್ಲಿ ಮುಗಿಯಿತಂತೆ!

ವೃಂದಾ ಎದ್ದಳು. ಹಿಂದಿನ ಬಾಗಿಲಲ್ಲಿ, ಅಶ್ವಿತಾಳ ಅಪ್ಪನ ಪಕ್ಕದಲ್ಲಿ ಸಂದೇಶ್ ನಿಂತದ್ದು ಕಂಡಿತು.

"ಸಂದೇಶ್ ಸುಳ್ಳು ಬರೆದುಕೊಟ್ಟಿದ್ದಾರೆ. ಮೀಟರ್ ಆಫ್ ಆಗ್ತಾ ಇದ್ದದ್ದು ನಾನು ಮಕ್ಕಳಿಗೆ ಕಲಿಸಿದ ಆಟದಿಂದ."

"ಬೇಡ ವೃಂದಾ!" ಅವನು ಕೂಗಿದ.

"ಸುಮ್ನಿರಿ ನೀವು! ನನ್ನ ಕ್ಲಾಸಿನದ್ದನ್ನ ನಾನೇ ಹೇಳ್ತೀನಿ." ಅವಳು ಉಪೇಂದ್ರರ ಕಡೆ ತಿರುಗಿದಳು. "ತಿಳಿಯದೆ ಮಾಡಿದೆ. ಶಿಕ್ಷೆ ಕೊಡಿ. ಆದರೆ ಉಪೇಂದ್ರ ಸರ್, ದಿನಾ ಸಂಜೆ ಸತ್ತು ಬೆಳಗ್ಗೆ ಎದ್ದೇಳೋ ಮೀಟರನ್ನ ನಿಮ್ಮ ಆಫೀಸಿನಲ್ಲಿ ಒಬ್ಬರೂ ಯಾಕೆ ಅಂತ ಕೇಳಲಿಲ್ಲ. ಕಾಣದ ರಾತ್ರಿಗೆ ಕಂಪ್ಯೂಟರ್ ಹಗಲಿನ ಹಸಿರನ್ನೇ ತುಂಬಿಕೊಡ್ತು, ನೀವು ಆರಾಮಾಗಿ ನಿದ್ದೆ ಮಾಡಿದ್ರಿ. ನಾನು ಆರಿಸಿದ್ದು ಸ್ವಿಚ್ಚು. ವಿಷ ಬಿಟ್ಟವರು ಯಾರು?"

ಉಪೇಂದ್ರರ ನಗು ಆರಿತು. "ಟೀಚರೇ ಒಪ್ಪಿಕೊಂಡಾಯ್ತಲ್ಲ! ಇವಳ ಮೇಲೆ ಕೇಸ್..."

ಅವರ ಮಾತು ಮುಗಿಯಲಿಲ್ಲ. ಅಶ್ವಿತಾಳ ಅಮ್ಮ ಎದ್ದು ನಿಂತಿದ್ದಳು. ಅವಳ ಹಿಂದೆ ಇನ್ನೊಬ್ಬಳು. ಅವಳ ಹಿಂದೆ ಇಡೀ ಸಾಲು. "ಮಿಸ್ ಮೇಲ ಕೈ ವೆಚ್ಚು ಪಾರು!" ಎಂದು ಯಾರೋ ಗುಡುಗಿದರು. ಮಿಸ್ ಮೇಲೆ ಕೈ ಮಾಡಿ ನೋಡು!

ಸೋಮವಾರ ಒಂದನೇ ಕ್ಲಾಸು ಫ್ಯಾಕ್ಟರಿಯ ಗೇಟಿನ ಮುಂದೆ ಚಾಪೆ ಹಾಸಿಕೊಂಡು ನಡೆಯಿತು. ಪ್ರಾರ್ಥನೆ, ಮಗ್ಗಿ, ಹಾಡು ಎಲ್ಲ ಅಲ್ಲೇ. ಮೂರನೇ ಬೆಳಿಗ್ಗೆ ಕೈಯಲ್ಲಿ ಹಾಜರಿ ಪುಸ್ತಕ ಹಿಡಿದು ಹೆಡ್ ಮಿಸ್ಸೇ ಬಂದು ಚಾಪೆಯ ಮೇಲೆ ಕೂತಾಗ ವೃಂದಾಳಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ!

"ಏನು ನೋಡ್ತೀಯಾ? ನಂಗೂ ಮೊಮ್ಮಗ ಇದ್ದಾನೆ ಕಣೇ," ಎಂದು ಗದರಿದರು ಅವರು.

ಅದೇ ವಾರ ಸರ್ಕಾರದ ಅಧಿಕಾರಿಗಳು ಬಂದು ರಾತ್ರಿ ಪಾಳಿಯ ಘಟಕಕ್ಕೆ ಬೀಗ ಹಾಕಿದರು. ಮಕ್ಕಳನ್ನು ಪರೀಕ್ಷಿಸಿದ ಡಾಕ್ಟರು, ಕೆಲವರಿಗೆ ವಾಸನೆ ಮರಳಬಹುದು, ಎಲ್ಲರಿಗೂ ಅಂತ ಮಾತು ಕೊಡಲಾರೆ ಎಂದರು. ಆ ಸಿಟ್ಟು ವೃಂದಾಳ ಎದೆಯಲ್ಲಿ ಹಾಗೇ ಉಳಿಯಿತು. ಉಳಿಯಲೇಬೇಕಾದ ಸಿಟ್ಟು ಅದು.

ಚಾಪೆ ಸುತ್ತುತ್ತಿದ್ದಾಗ ಸಂದೇಶ್ ಬಂದು ಇನ್ನೊಂದು ತುದಿ ಹಿಡಿದ.

"ಯಾಕೆ ಹೇಳಿದ್ರಿ? ನಾನು ಹೊತ್ತುಕೊಂಡಾಗಿತ್ತಲ್ಲ."

"ಯಾರು ಹೊರೋಕೆ ಹೇಳಿದ್ದು? ನನ್ನ ತಪ್ಪನ್ನ ಹೊರೋಕೆ ನೀವ್ಯಾರು?" ಕಣ್ಣೀರು ದಳದಳ ಇಳಿಯಿತು. "ಅಷ್ಟು ಜನರ ಮುಂದೆ ಬೈದೆ... ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ದರೆ ನೀವು ಅವತ್ತೇ ಫ್ಯಾಕ್ಟರಿ ಗೇಟ್ ಮುರೀತಿದ್ರಿ." ಅವನು ನಗಲು ನೋಡಿದ, ಆಗಲಿಲ್ಲ. "ನಾನು ಯಾರೂ ಅಲ್ಲ ವೃಂದಾ. ಆಗಬಹುದಾ ಅಂತ ಕೇಳ್ತಾ ಇದ್ದೇನೆ. ಈಗ ಕೆಲಸ ಇಲ್ಲ, ಮಾವನ ಹೋಟೆಲಿನಲ್ಲಿ ಸಾಂಬಾರು ಬಡಿಸುವವನು. ಆದ್ರೂ ಕೇಳ್ತಾ ಇದ್ದೇನೆ."

ಚಾಪೆ ಅವಳ ಕೈಯಿಂದ ಜಾರಿತು. ಇಷ್ಟು ದಿನ ಒಂದರ ಮೇಲೊಂದು ಬಂದ ಆಘಾತಗಳಲ್ಲಿ ಇದೊಂದೇ ಎದೆಗೆ ತಂಪು ತಂದದ್ದು.

"ಭಾನುವಾರ ನಮ್ಮನೆಗೆ ಬನ್ನಿ," ಎಂದಳು ಮೆಲ್ಲಗೆ. "ಅಪ್ಪ ಬೈತಾರೆ. ಸಿಟ್ಟು ಬಂದ್ರೆ ಅವರಿಗೆ ತಮಿಳೇ ಬರೋದು."

"ನನಗೆ ಅಷ್ಟು ವೇಗದ ತಮಿಳು ಅರ್ಥ ಆಗೂದಿಲ್ಲ ಮಾರಾಯ್ತಿ."

"ಪಕ್ಕದಲ್ಲೇ ಕೂತು ಕನ್ನಡದಲ್ಲಿ ಹೇಳ್ತೀನಿ."

"ಎಲ್ಲ ಹೇಳ್ತೀರಾ?"

"ಬೈದದ್ದನ್ನೆಲ್ಲ ಬಿಟ್ಟು."

"ಅದನ್ನ ಬಿಟ್ಟರೆ ಎಂತ ಉಳೀತದೆ?"

ವೃಂದಾ ಅವನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ಕೊನೇಲಿ ಅವರು ಅನ್ನೋ 'ಸೆರಿ' ಉಳಿಯತ್ತೆ. ಅಷ್ಟು ಸಾಕಲ್ವಾ?"