ಏಣಿಯ ಮೇಲೆ ಬಂದ ಬ್ರೆಡ್ಡು

"ಬೆಮೂಯಾಲ್! ಊರ ಉಸಾಬರಿಯವಳೇ! ಆ ಗಿರಣಿ ಹುಡುಗಿಯನ್ನ ಇಟ್ಕೋತೀನೋ, ಅಟ್ಟುತೀನೋ... ನಿಂಗ್ಯಾಕೇ ಬೇಕು?"

ಬೆಮೂಯಾಲ್ ಎಂಬ ಊರ ಬೈಗುಳ ಬೈದು, ಗೀಸಿನ ಎಂಬಾಕೆ ತನ್ನ ಹಿತ್ತಿಲ ಬಾಗಿಲನ್ನು ನೆರೆಮನೆಯ ಫೆನ್ನಳ ಮುಖಕ್ಕೇ ಬಡಿದಳು. ಒಳಗೆ ಸೊಸೆ ಆಲೈಡಳ ಬಿಕ್ಕು ಕೇಳುತ್ತಲೇ ಇತ್ತು... ಗಂಡ ಹರ್ಮನ್ ಚಳಿಗಾಲದ ಜ್ವರದಲ್ಲಿ ತೀರಿಕೊಂಡಿದ್ದ. ಅವಳು ಹೆತ್ತು ವಾರವೂ ಆಗಿರಲಿಲ್ಲ. "ಇವಳು ಬಂದ ಮೇಲೇ ನನ್ನ ಮಗ ಹೋದ" ಎಂದು ಅತ್ತೆ ಅವಳನ್ನು ಪಟ್ಟಣಕ್ಕೆ ಅಟ್ಟಲು ಮರುದಿನಕ್ಕೆ ಗಾಡಿ ಹೇಳಿಬಿಟ್ಟಿದ್ದಳು. ಮದುವೆಗೆ ಮುಂಚೆ ಗಿರಣಿಯಲ್ಲಿ ದುಡಿಯುತ್ತಿದ್ದ ಆ ಅನಾಥೆಗೆ ಅಲ್ಲಿ ಯಾರಿದ್ದಾರೆ?

ಫೆನ್ನಳಿಗೆ ಕಣ್ಣು ಮುಚ್ಚಲಾಗಲಿಲ್ಲ. ತ್ವೆಂತೆ ಸೀಮೆಯ ಆ ಹಳ್ಳಿಯಲ್ಲಿ ಹೆರಿಗೆಗೆ ನೀರು ಕಾಯಿಸುವುದೂ, ಹೆಣ ತೊಳೆಯುವುದೂ ನೆರೆಯವರ ಪಾಲೇ. ಕೂಸು ಹುಟ್ಟಿದರೆ ಆಳುದ್ದದ ಒಣದ್ರಾಕ್ಷಿ ಬ್ರೆಡ್ಡನ್ನು ಏಣಿಯ ಮೇಲಿಟ್ಟು ಹೊತ್ತು ತರಬೇಕು. ಅದನ್ನು ಆ ಮನೆಯಲ್ಲಿ ಕೊಯ್ದು ತಿಂದರೆ, ಕೂಸು ಆ ಮನೆಯದೆಂದು ಊರೇ ಒಪ್ಪಿದಂತೆ.

ಮರುದಿನ ಬೆಳಿಗ್ಗೆ ಗಾಡಿಯವನು ಇನ್ನೂ ಅಂಗಳದಲ್ಲಿ ಕುದುರೆ ತಿರುಗಿಸುತ್ತಿದ್ದ. ಅಷ್ಟರಲ್ಲೇ ಫೆನ್ನ ಮತ್ತು ನೆರೆಹೊರೆಯ ಹೆಂಗಸರ ಹೆಗಲ ಮೇಲೆ ಬ್ರೆಡ್ಡಿನ ಏಣಿ ಬಂತು! ಹಿತ್ತಿಲಿಗಲ್ಲ, ಮದುವೆಗೂ ಹೆಣಕ್ಕೂ ಮಾತ್ರ ತೆಗೆಯುವ ಮುಂಬಾಗಿಲಿಗೆ.

ಗೀಸಿನ ಒಂದು ಗೇಣು ಬಾಗಿಲು ತೆರೆದಳು. "ನಿಮ್ಮನ್ನ ಕರೆದೋರ್ಯಾರು?"

"ಜಗಳ ಆಮೇಲೆ ಆಡೇ, ನಮ್ಮ ಹೆಗಲು ಬಿದ್ದೋಗ್ತಿದೆ!" ಏಣಿಯ ಹಿಂದಿನಿಂದ ಒಬ್ಬಳು ಕೂಗಿದಳು. ಹೆಂಗಸರೆಲ್ಲ ನಕ್ಕರು.

ಫೆನ್ನ ನಗಲಿಲ್ಲ. "ಹರ್ಮನ್ ಹೋದಾಗ ನನ್ನನ್ನ ಕರೆದೋರ್ಯಾರು, ಗೀಸಿನ? ನೀನು ನೆಲ ಹಿಡಿದು ಬಿದ್ದಿದ್ದೆ. ನಿನ್ನ ಮಗನ ಮೈ ತೊಳೆದು, ತಲೆ ಬಾಚಿ ಮಲಗಿಸಿದ್ದು ಈ ಕೈ. ಆವತ್ತು ಉಸಾಬರಿ ಅನ್ನಲಿಲ್ಲ ನೀನು... ಅವನ ಹೆಣಕ್ಕೆ ಬಂದೋಳು ಅವನ ಮಗಳಿಗೆ ಬರಬಾರದಾ?"

ಗೀಸಿನ ಹಿಂತಿರುಗಿ ನೋಡಿದಳು. ಬಟ್ಟೆಗಂಟು ಕಂಕುಳಲ್ಲಿಟ್ಟುಕೊಂಡು, ಕೂಸನ್ನು ಎದೆಗವಚಿ ಆಲೈಡ ನಿಂತಿದ್ದಳು. ಕೂಸು ಆಕಳಿಸಿತು... ಹಣೆ ಸುಕ್ಕಾಗಿಸಿ, ಥೇಟ್ ಹರ್ಮನ್‌ನ ಹಾಗೆ!

ಬಾಗಿಲು ಗೋಡೆಗೆ ತಾಗುವಷ್ಟು ತೆರೆಯಿತು.

"ಗಾಡಿಯವನಿಗೂ ಒಂದು ಹೋಳು ಕೊಟ್ಟು ಕಳಿಸ್ರೇ. ಇಲ್ಲಿಂದ ಯಾರೂ ಹೋಗೋರಿಲ್ಲ" ಎಂದಳು ಗೀಸಿನ. ದನಿ ಇನ್ನೂ ಗಡುಸಾಗಿಯೇ ಇತ್ತು.

ಆಲೈಡ ಕಣ್ಣೊರೆಸಿಕೊಂಡು, ಗಂಟು ಕೆಳಗಿಟ್ಟು, ಬೆಣ್ಣೆ ತರಲು ಅಡುಗೆಮನೆಯತ್ತ ಹೆಜ್ಜೆಯಿಟ್ಟಳು.

ಗೀಸಿನ ಅಡ್ಡ ನಿಂತಳು. "ಏಯ್, ಹಸಿ ಬಾಣಂತಿ! ಎಲ್ಲಿಗೆ ಹೊರಟೆ? ಹರ್ಮನ್ ಕೂರ್ತಿದ್ದ ಕುರ್ಚಿ ಖಾಲಿ ಇದೆ, ಕೂತ್ಕೋ ಮಗಳೇ... ಬೆಣ್ಣೆ ನಾನು ತರ್ತೀನಿ."